ಅತ್ತೆಯವರ ಹೊಳೆ, ನನ್ನ ಬೆರಳು

ತನಗೆ ಬಾರದ ವಿದ್ಯೆಯಲ್ಲಿ ಸೋತರೆ ಮನುಷ್ಯನಿಗೆ ಅಷ್ಟು ನೋವಾಗುವುದಿಲ್ಲ. ನನಗೆ ಈಜು ಬಾರದು, ಹಾಡು ಬಾರದು, ಕೆಟ್ಟ ಸ್ವಿಚ್ಚು ಸರಿ ಮಾಡುವುದು ಬಾರದು. ಇವುಗಳಲ್ಲಿ ಯಾರು ನನ್ನನ್ನು ಸೋಲಿಸಿದರೂ ನಕ್ಕು ಸುಮ್ಮನಾಗುತ್ತೇನೆ. ಆದರೆ ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು, ನದಿ ಎಲ್ಲಿ ಹುಟ್ಟುತ್ತದೆ, ಕಾಡು ಎಲ್ಲಿ ಬೆಳೆಯುತ್ತದೆ ಎಂದು ಕೋಲು ಹಿಡಿದು ತೋರಿಸಿದವನು, ನದಿ ಕಾಡುಗಳನ್ನು ಜೋಡಿಸುವ ಒಂದು ಮೊಬೈಲ್ ಆಟದಲ್ಲಿ, ಅದೂ ‘ಸುಲಭ’ ಎಂದು ಬರೆದಿರುವ ಹಂತದಲ್ಲಿ, ಒಂದರ ಹಿಂದೊಂದು ಹನ್ನೊಂದು ಸಲ ಸೋತರೆ ಅದನ್ನು ಹೇಳಿಕೊಳ್ಳುವುದು ಕಷ್ಟ. ಆದರೂ ಹೇಳಿಕೊಳ್ಳುತ್ತಿದ್ದೇನೆ. ನನಗೆ ಅಷ್ಟು ಉಪಕಾರ ಮಾಡಿದ ಸೋಲು ಇನ್ನೊಂದಿಲ್ಲ.

ನನ್ನ ಕಾಲು ಮುರಿದದ್ದೂ ಭೂಗೋಳದಿಂದಲೇ. ಮಸ್ಕಿಯ ನಮ್ಮ ಶಾಲೆಯಲ್ಲಿ ಭಾರತದ ನಕಾಶೆಯನ್ನು ಗೋಡೆಗೆ ತೂಗುಹಾಕಲು ಕುರ್ಚಿ ಹತ್ತಿದ್ದೆ. ಕಾಶ್ಮೀರದ ಕಡೆಯ ಮೊಳೆಗೆ ದಾರ ಸಿಕ್ಕಿಸುವಷ್ಟರಲ್ಲಿ ಕುರ್ಚಿ ವಾಲಿತು, ನಾನು ಕನ್ಯಾಕುಮಾರಿಗಿಂತಲೂ ಕೆಳಗೆ ಬಂದು ಬಿದ್ದೆ. ಪಾದದ ಗೆಣ್ಣು ಬಿರುಕು ಬಿಟ್ಟಿತ್ತು. ಮೊಣಕಾಲಿನವರೆಗೆ ಪ್ಲಾಸ್ಟರು ಹಾಕಿ, ಆರು ವಾರ ನೆಲಕ್ಕೆ ಕಾಲು ಊರಬಾರದು ಎಂದರು. ನನ್ನ ಹೆಂಡತಿ ಶಾರದೆಗೆ ಲಿಂಗಸುಗೂರಿನಲ್ಲಿ ಕಚೇರಿ ಕೆಲಸ; ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆ ಏಳಕ್ಕೆ. ಮಗಳು ಸ್ನೇಹಾ ಸಿಂಧನೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹಗಲು ನನಗೆ ರೊಟ್ಟಿ ಕೊಡುವವರು ಯಾರು? ಶಾರದೆ ಸಾಲಗುಂದದಿಂದ ತನ್ನ ತಾಯಿಯನ್ನು ಕರೆಸಿದಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಮ್ಮ ಮನೆತನಗಳಲ್ಲಿ ಅತ್ತೆ ಅಳಿಯನೊಡನೆ ಎದುರೆದುರು ಮಾತಾಡುವುದಿಲ್ಲ. ಜಗಳವಲ್ಲ, ಮರ್ಯಾದೆ. ನಮ್ಮ ಅತ್ತೆ ಈರಮ್ಮನವರು ಈ ಮರ್ಯಾದೆಯನ್ನು ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದೆ ನಡೆಸಿಕೊಂಡು ಬಂದಿದ್ದರು. ಶಾರದೆಗೆಂದು ಫೋನು ಮಾಡಿದಾಗ ನಾನು ಎತ್ತಿಕೊಂಡರೆ, ನನ್ನ ಹಲೋ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದರು. ಅಂಥವರು ಮತ್ತು ನಾನು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ, ಒಂದೇ ಮನೆಯಲ್ಲಿ ಇಬ್ಬರೇ. ಮೊದಲ ದಿನ ಅವರು ಊಟದ ತಾಟನ್ನು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಸೆರಗು ಮುಂದಕ್ಕೆಳೆದು, ಬಾಗಿಲ ಬಳಿ ಮಲಗಿದ್ದ ಬೆಕ್ಕಿಗೆ ಹೇಳಿದರು: “ರೊಟ್ಟಿ ಆರಾಕತ್ತಾವು. ಬಿಸಿ ಇದ್ದಾಗ ಉಂಡ್ರ ಛಲೋ.” ಬೆಕ್ಕು ಕಿವಿ ಅಲ್ಲಾಡಿಸಿತು. ನಾನೂ ಬೆಕ್ಕಿಗೇ, ಪಲ್ಯ ರುಚಿಯಾಗಿದೆ, ಉಪ್ಪು ಮಾತ್ರ ಒಂದು ಚಿಟಿಕೆ ಬೇಕಿತ್ತು ಎಂದೆ. ಒಳಗಿನಿಂದ ಉಪ್ಪಿನ ಬಟ್ಟಲು ಬಂತು. ಹೀಗೆ ಒಂದು ವಾರ ಆ ಬೆಕ್ಕು ನಮ್ಮ ಮನೆಯ ಅಂಚೆ ಕಚೇರಿಯಾಗಿತ್ತು. ಅದು ಹೊರಗೆ ಹೋದ ಹೊತ್ತಿನಲ್ಲಿ ನನಗೆ ನೀರು ಬೇಕಾದರೆ ಅದು ಬರುವತನಕ ಕಾಯಬೇಕು.

ನನ್ನ ಬೇಸರ ನೋಡಲಾರದೆ ಸ್ನೇಹಾ ಭಾನುವಾರ ಬಂದವಳು ಮೊಬೈಲಿನಲ್ಲಿ ಈ ಆಟ ಹಾಕಿಕೊಟ್ಟಳು. “ಪಪ್ಪಾ, ಇದು ನಿಮ್ಮ ಸಬ್ಜೆಕ್ಟೇ ಅದ” ಎಂದಳು. ಆರು ಮೂಲೆಯ ಬಿಲ್ಲೆಗಳು ಒಂದೊಂದಾಗಿ ಬರುತ್ತವೆ. ಒಂದರಲ್ಲಿ ಹೊಳೆ, ಒಂದರಲ್ಲಿ ಗುಡ್ಡ, ಒಂದರಲ್ಲಿ ಕಾಡು, ಒಂದರಲ್ಲಿ ಹುಲ್ಲುಗಾವಲು. ಹೊಳೆಗೆ ಹೊಳೆ, ಕಾಡಿಗೆ ಕಾಡು ಕೂಡುವಂತೆ ಜೋಡಿಸುತ್ತ ಹೋದರೆ ಕರಡಿ, ಜಿಂಕೆ, ಹದ್ದು, ಮೀನು ತಮಗೆ ಹಿಡಿಸಿದ ಜಾಗಕ್ಕೆ ಬಂದು ಕೂರುತ್ತವೆ. ಬಂದಷ್ಟು ಅಂಕ. ಎದುರಾಳಿ ಮೊಬೈಲೇ. ನನ್ನ ಕಾಡಿಗೆ ಮಾತ್ರ ಒಂದು ಕರಡಿಯೂ ಬರಲಿಲ್ಲ. ಮೊಬೈಲಿನ ಕಾಡಿನಲ್ಲಿ ಪ್ರಾಣಿಗಳ ಸಂತೆಯೇ ನೆರೆಯುತ್ತಿತ್ತು. ಪ್ರತಿ ಸಲ ಸೋತಾಗ ಅದು ‘ಮತ್ತೆ ಪ್ರಯತ್ನಿಸಿ’ ಎಂದು ಹೇಳುವ ರೀತಿ, ನಾನು ದಡ್ಡ ವಿದ್ಯಾರ್ಥಿಗಳ ಬೆನ್ನು ತಟ್ಟುವ ಹಾಗೇ ಇತ್ತು.

ಅತ್ತೆಯವರು ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ನಾನು ‘ಛೆ’ ಎಂದಾಗಲೆಲ್ಲ ತಲೆ ಎತ್ತುತ್ತಿದ್ದರು. ಮರುದಿನ ಹೊಸ್ತಿಲು ದಾಟಿ ಒಳಗೆ ಕುಳಿತರು. ಅದರ ಮರುದಿನ ಶೇಂಗಾ ಸುಲಿಯುವ ನೆವದಲ್ಲಿ ಮಂಚದ ಕಾಲಿನ ತನಕ ಬಂದರು. ಹನ್ನೆರಡನೆಯ ಆಟ ಅದು. ನಾನು ಒಂದು ಹೊಳೆಯನ್ನು ತಂದು ಗುಡ್ಡಗಳ ನಡುವೆ ಸಿಕ್ಕಿಸಿದೆ. ಅವರಿಂದ ತಡೆಯಲಾಗಲಿಲ್ಲ.

“ಅಳಿಯಾರ, ಅಲ್ಲಿ ಹೊಳಿ ಇಟ್ರ ನೀರು ಎಲ್ಲಿಗೆ ಹೋಗಬೇಕ್ರಿ? ಮುಂದ ಗುಡ್ಡ ಐತಲ್ಲ.”

ಇಬ್ಬರೂ ಬೆಚ್ಚಿದೆವು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಶೇಂಗಾ ಅಲ್ಲೇ ಉಳಿಯಿತು. ಎಷ್ಟೋ ಹೊತ್ತಾದ ಮೇಲೆ ನಾನೇ ಧೈರ್ಯ ಮಾಡಿ, “ಮತ್ತ ಎಲ್ಲಿ ಇಡ್ಲಿ ಅತ್ತಿ?” ಎಂದು ಕೂಗಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಸಣ್ಣ ದನಿಯಲ್ಲಿ ಉತ್ತರ ಬಂತು: “ತೆಗ್ಗಿನ್ಯಾಗ.”

ಸಪಾಟಾದ ಮೊಬೈಲಿನಲ್ಲಿ ತಗ್ಗು ಯಾವುದು ಎಂದು ನಾನು ತಡಕಾಡುತ್ತಿರುವಾಗ ಅವರೇ ಬಂದು ಹುಲ್ಲುಗಾವಲಿನ ಅಂಚನ್ನು ತೋರಿಸಿದರು. ಅಂದು ನಾನು ಗೆದ್ದೆ. ನಾನು ಎಂದರೆ ತಪ್ಪಾಗುತ್ತದೆ. ನನ್ನದು ಬೆರಳು ಮಾತ್ರ. ಅವರ ಬೆರಳು ಮೊಬೈಲಿಗೆ ತಿಳಿಯುತ್ತಿರಲಿಲ್ಲ. ಐವತ್ತು ವರ್ಷ ಕುರಿ ಕಾಯ್ದು, ಹಗ್ಗ ಎಳೆದು, ಕಂಬಳಿಗೆ ನೂಲು ತೆಗೆದ ಬೆರಳು; ಎಷ್ಟು ಒತ್ತಿದರೂ ಬಿಲ್ಲೆ ಕದಲದು. ಹಾಗಾಗಿ ಅವರು ಹೇಳುವುದು, ನಾನು ಇಡುವುದು. ಮಸ್ಕಿಯ ಗುಡ್ಡದಿಂದ ಸಿಂಧನೂರಿನ ಕಾಲುವೆ ಗದ್ದೆಗಳವರೆಗೆ ಗಂಡನ ಜೊತೆ ಕುರಿಹಿಂಡು ಹೊಡೆದುಕೊಂಡು ತಿರುಗಿದವರು ಅವರು. ಯಾವ ಬಂಡೆಯ ಹಿಂದೆ ನೀರು ನಿಲ್ಲುತ್ತದೆ, ಜಿಂಕೆ ಎಲ್ಲಿ ಮಲಗುತ್ತದೆ, ಕರಡಿ ಎತ್ತಲಿಂದ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರು. ನಾನು ಪುಸ್ತಕದಲ್ಲಿ ಓದಿ, ಪ್ರಶ್ನೆಪತ್ರಿಕೆಯಲ್ಲಿ ಕೇಳಿದವನು. ಒಂದು ವಾರದಲ್ಲಿ ‘ಸುಲಭ’ ಮುಗಿಸಿ ‘ಕಠಿಣ’ಕ್ಕೆ ಬಂದೆವು. ಆಟದ ನಡುವೆ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹೊಲದಲ್ಲಿ ಕುರಿ ನಿಲ್ಲಿಸಿದ್ದಾಗ ಮಳೆ ಬಂದು, ಅಂದೇ ಹುಟ್ಟಿದ ಎರಡು ಮರಿಗಳನ್ನೂ ಆರು ತಿಂಗಳ ಶಾರದೆಯನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಕೊಂಡು ಕುಳಿತಿದ್ದನ್ನು ಹೇಳಿದರು. ಶಾರದೆಗೇ ಅದು ಗೊತ್ತಿರಲಿಲ್ಲ. ಸಂಜೆ ಬಂದವಳು ನಾವಿಬ್ಬರೂ ಒಂದೇ ಮೊಬೈಲಿಗೆ ತಲೆ ಹಚ್ಚಿ ಕುಳಿತಿದ್ದನ್ನು ಕಂಡು, ಚೀಲ ಇಳಿಸುವುದನ್ನೂ ಮರೆತು ನಿಂತಿದ್ದಳು.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ. ಊಟ ಮುಗಿಸಿ ಆಟಕ್ಕೆ ಕುಳಿತಿದ್ದೆವು. ಕಾಡಿನ ಬಿಲ್ಲೆ ಬಂತು. ಎಲ್ಲಿಡಲಿ ಎಂದೆ. ಅವರು “ಆ... ಅದನ್ನ...” ಎಂದು ನಿಂತರು. ಕಾಡಿನ ಬಿಲ್ಲೆಗೆ ಅವರು ಗಿಡ ಎನ್ನುತ್ತಿದ್ದರು; ಆ ಮಾತು ಬರಲಿಲ್ಲ. ನಾನು ನಕ್ಕು, ಗಿಡ ಎಂದೆ. ಮುಂದಿನ ಹೊಳೆಯನ್ನು ಅವರು ಗುಡ್ಡದ ನೆತ್ತಿಗೆ ಇಡಲು ತೋರಿಸಿದರು. ನನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಅವರ ಬಲಗೈಯಲ್ಲಿದ್ದ ಶೇಂಗಾ ಒಂದೊಂದಾಗಿ ನೆಲಕ್ಕೆ ಉದುರಿದವು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಮುಖ ನೋಡಿದೆ. ಬಾಯಿ ಒಂದು ಕಡೆಗೆ ಸರಿದಿತ್ತು.

ಆರು ವಾರ ಊರಬಾರದ ಕಾಲನ್ನು ಊರಿದೆನೋ ಇಲ್ಲವೋ ನನಗೆ ನೆನಪಿಲ್ಲ. ಬಾಗಿಲಿಗೆ ಹೋಗಿ ಪಕ್ಕದ ಮನೆಯ ಮೆಹಬೂಬನನ್ನು ಕೂಗಿದೆ. ಬಾಡಿಗೆ ಕಾರು ಓಡಿಸುವ ಅವನು ಅದೃಷ್ಟಕ್ಕೆ ಊಟಕ್ಕೆ ಬಂದಿದ್ದ. ಇಬ್ಬರನ್ನೂ ಎತ್ತಿಯೇ ಕೂರಿಸಿದ ಎನ್ನಬೇಕು. ಸಿಂಧನೂರಿನ ದಾರಿಯುದ್ದಕ್ಕೂ ನಾನು ಅತ್ತೆಯವರ ಎಡಗೈ ಹಿಡಿದಿದ್ದೆ. ಅಳಿಯ ಅತ್ತೆಯ ಕೈ ಹಿಡಿಯುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಅವರು ಬಲಗೈಯಿಂದ ಸೆರಗನ್ನು ಮುಂದಕ್ಕೆ ಎಳೆದುಕೊಳ್ಳಲು ನೋಡಿದರು, ಆಗಲಿಲ್ಲ. ನಾನೇ ಸರಿ ಮಾಡಿದೆ. ಹೆದರಿಕೆಯಿಂದ ನನ್ನ ಬಾಯಿಗೆ ಬೇರೇನೂ ಬಾರದೆ, ಕಿಟಕಿಯಾಚೆ ಕಂಡ ಗದ್ದೆ, ಕಾಲುವೆ, ಜಾಲಿಗಿಡಗಳನ್ನೇ ಒಂದೊಂದಾಗಿ ಹೆಸರಿಸುತ್ತ ಹೋದೆ. ಪ್ರತಿ ಹೆಸರಿಗೂ ಅವರು ನನ್ನ ಕೈ ಒತ್ತುತ್ತಿದ್ದರು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದು, ಯಾವಾಗ ಶುರುವಾಯಿತು ಎಂದು. ಅರ್ಧಕ್ಕೆ ನಿಂತ ಆಟ, ಶುರುವಾದ ಸಮಯದ ಸಮೇತ, ಮೊಬೈಲಿನಲ್ಲಿತ್ತು. ನಿಮಿಷದ ಲೆಕ್ಕದಲ್ಲಿ ಹೇಳಿದೆ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಬೇಗ ತಂದದ್ದು ಒಳ್ಳೆಯದಾಯಿತು, ಸಂಜೆಯವರೆಗೆ ಬಿಟ್ಟಿದ್ದರೆ ಮಾತು ಹೋಗಿರುತ್ತಿತ್ತು ಎಂದರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆ. ನಾವು ಮಾತಾಡದ ಹಳೆಯ ದಿನಗಳಾಗಿದ್ದರೆ ಅವರು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ಮಗಳು ಬರುವ ಏಳು ಗಂಟೆಗೆ ಕಾಯುತ್ತಿದ್ದರು. ನಾನು ಮಂಚದ ಮೇಲೆ, ಪಾಪ, ನಿದ್ದೆ ಹತ್ತಿರಬೇಕು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಆ ಆಟ ಮಾಡಿದವರು ಯಾವ ದೇಶದವರೋ, ಹೆಸರೇನೋ, ತಿಳಿಯದು. ಅಂದು ಅವರಿಗೂ ಸ್ನೇಹಾಳಿಗೂ ಮೆಹಬೂಬನಿಗೂ ಮನಸ್ಸಿನಲ್ಲೇ ಕೈ ಮುಗಿದೆ. ನಾಲ್ಕನೆಯ ದಿನ ಅತ್ತೆಯವರ ಮಾತು ತಿಳಿಯಾಯಿತು. ಮೊದಲು ಶಾರದೆಯನ್ನು ಕೇಳಿದ್ದು, “ಅಳಿಯಾರು ಉಂಡಾರೇನು?” ಎಂದು.

ಈಗ ಅವರು ಸಾಲಗುಂದದಲ್ಲಿ ಗಟ್ಟಿಯಾಗಿದ್ದಾರೆ. ದಿನಾ ಮಧ್ಯಾಹ್ನ ಫೋನು ಮಾಡುತ್ತಾರೆ, ಶಾರದೆಗಲ್ಲ, ನನಗೆ. ಮಾತು ಮರಳಿ ಬಂದ ಮೇಲೆ ಅವರು ಅದನ್ನು ಕೂಡಿಡುವ ಮನಸ್ಸಿನಲ್ಲಿಲ್ಲ. ಇಷ್ಟು ವರ್ಷ ಮರ್ಯಾದೆಗೆಂದು ನುಂಗಿಕೊಂಡಿದ್ದನ್ನೆಲ್ಲ ಮೊದಲಿನಿಂದ, ಒಂದೂ ಬಿಡದೆ ಹೇಳುತ್ತಿದ್ದಾರೆ. ಅಕ್ಷತೆ ಬೀಳುವಾಗ ನಾನು ಆಕಳಿಸಿದ್ದು, ಮೊದಲ ಪಂಚಮಿಗೆ ಬಂದಾಗ ಉಂಡಿ ಗಟ್ಟಿಯಾಗಿವೆ ಎಂದದ್ದು, ಅವರ ಅಣ್ಣನ ಎದುರು ಕಾಲ ಮೇಲೆ ಕಾಲು ಹಾಕಿ ಕುಳಿತದ್ದು. ನಾನು ಒಂದೊಂದಕ್ಕೂ ತಪ್ಪೊಪ್ಪಿಕೊಳ್ಳುತ್ತೇನೆ. ಮೊದಲ ರಿಂಗಿಗೇ ಫೋನು ಎತ್ತುತ್ತೇನೆ. ಆ ದನಿ ಕೇಳದ ದಿನ ನನಗೆ ಊಟ ರುಚಿಸುವುದಿಲ್ಲ. ದೇವರ ದಯೆಯಿಂದ ಅವರ ನೆನಪಿಗೆ ಏನೂ ಆಗಿಲ್ಲ. ಮೂರು ತಿಂಗಳಾಯಿತು, ನಾವಿನ್ನೂ ನನ್ನ ಮದುವೆಯ ಎರಡನೆಯ ವರ್ಷದಲ್ಲಿದ್ದೇವೆ.