ಅಪಚಾರ ಆಗಬಾರದು ನೋಡ್ರಿ

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವನಿಗೆ ‘ಅಪಚಾರ’ ಎಂಬ ಮಾತಿನಿಂದ ಬಿಡುಗಡೆಯಿಲ್ಲ. ವಿನೋಬನಗರದ ನನ್ನ ಪುಟ್ಟ ಅಂಗಡಿಯಲ್ಲಿ ಅದು ಬೋಣಿಗೆಗೂ ಮುಂಚೆ ಬರುತ್ತದೆ. ನಿಘಂಟಿನಲ್ಲಿ ಅದಕ್ಕೆ ದೇವರಿಗೆ ತೋರುವ ಅಗೌರವ ಎಂಬ ಅರ್ಥವಿದೆ. ನನ್ನ ಅಂಗಡಿಯಲ್ಲಿ ಅದರ ಅರ್ಥ ‘ನಾನು ಮಾಡಲ್ಲ, ನೀವು ಮಾಡಿ’ ಎಂದು. ಗಾಜು ಒಡೆದ ದೇವರನ್ನು ಮನೆಯಲ್ಲಿ ಇಟ್ಟುಕೊಂಡರೆ ಅಪಚಾರ, ಬಿಸಾಡಿದರೂ ಅಪಚಾರ. ಹಾಗಾಗಿ ರಿಪೇರಿಗೆಂದು ನನಗೆ ಕೊಟ್ಟು ಹೋಗುತ್ತಾರೆ, ಆಮೇಲೆ ಈ ಕಡೆ ತಲೆ ಹಾಕುವುದಿಲ್ಲ. ಅಜ್ಜನ ಫೋಟೋ ಕೊಟ್ಟವರು ಮಾತ್ರ ತಪ್ಪದೆ ಬಂದು ಒಯ್ಯುತ್ತಾರೆ.

ಒಯ್ಯದ ದೇವರೆಲ್ಲ ನನ್ನ ಅಟ್ಟದ ಮೇಲಿದ್ದಾರೆ. ಅಟ್ಟದ ಹಲಗೆ ಬಾಗಿದೆ. ಅದರ ನೇರ ಕೆಳಗೆ ನಾನು ಕೂತು ಕೆಲಸ ಮಾಡುವ ಜಾಗ. ಹಲಗೆ ಕಿರುಗುಟ್ಟಿದಾಗಲೆಲ್ಲ ಜೀವ ಹೋಗಿ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಗೊಬ್ಬರದ ಲಕ್ಷ್ಮಿ

ಭಾನುವಳ್ಳಿಯ ರೈತರೊಬ್ಬರು ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಗೆ ಕಟ್ಟು ಹಾಕಲು ಕೊಟ್ಟರು. “ಪಾದಕ್ಕ ಕತ್ರಿ ತಾಗಿಸ್ಬ್ಯಾಡ್ರಿ, ಅಪಚಾರ ಆಗ್ತೈತೆ” ಎಂದು ಎರಡೆರಡು ಸಲ ಹೇಳಿದರು. ನಾನು ಉಸಿರು ಬಿಗಿಹಿಡಿದು, ಪಾದದ ಕೆಳಗಿದ್ದ ಜಾಹೀರಾತನ್ನಷ್ಟೇ ಕತ್ತರಿಸಿ ತೆಗೆದೆ.

ಒಯ್ಯಲು ಬಂದವರು ಬಹಳ ಹೊತ್ತು ನೋಡಿದರು. “ಅಂಗಡಿ ಹೆಸ್ರು ಎಲ್ಲಿ ಹೋತ್ರಿ?”

“ಜಾಹೀರಾತಲ್ರಿ ಅದು, ತೆಗೆದೆ.”

“ಅದು ನನ್ನ ಹೆಂಡ್ತಿ ತಮ್ಮನ ಅಂಗಡಿ. ಲಕ್ಷ್ಮಿ ಮನ್ಯಾಗ ಬೇಕಾದಷ್ಟು ಅದಾವ. ಹೆಂಡ್ತಿ ತಮ್ಮನ್ನ ಕತ್ತರಿಸಿ ಒಗಿಯೋದು ಅಪಚಾರ ಅಲ್ಲೇನ್ರಿ?”

ಲಕ್ಷ್ಮಿ ಅಟ್ಟ ಹತ್ತಿದಳು.

ಮೊಳೆ ಎಲ್ಲಿ ಹೊಡೀಲಿ

ನಿಜಲಿಂಗಪ್ಪ ಬಡಾವಣೆಯ ನಿವೃತ್ತ ಲೆಕ್ಚರರ್ ಒಬ್ಬರು ಶಿವ ಪಾರ್ವತಿಯರ ದೊಡ್ಡ ಫೋಟೋ ಮಾಡಿಸಿ, ಮನೆಗೆ ತಂದು ಮೊಳೆ ಹೊಡೆದುಕೊಡಲು ಕರೆದರು. ಹೋದೆ. ಮೊದಲನೇ ಗೋಡೆಗೆ ಡ್ರಿಲ್ ಇಟ್ಟೆ.

“ತಡೀರಿ, ಇದರ ಹಿಂದೆ ಬಾತ್‌ರೂಮ್ ಐತೆ. ಅಪಚಾರ.”

ಎದುರಿನ ಗೋಡೆಗೆ ಹೋದೆ. “ಅಲ್ಲಿ ಬ್ಯಾಡ. ಮುಂದೆ ಟಿವಿ ಐತೆ. ದೇವ್ರು ಕೂತು ಸೀರಿಯಲ್ ನೋಡ್ಬೇಕಾ?”

ಮೆಟ್ಟಿಲ ಬಳಿ ತೋರಿಸಿದೆ. ಮೇಲೆ ಹತ್ತುವವರ ಕಾಲು ದೇವರ ತಲೆಗಿಂತ ಎತ್ತರಕ್ಕೆ ಬರುತ್ತದಂತೆ. ಫೋಟೋ ಹಿಡಿದು ಹಿಡಿದು ನನ್ನ ತೋಳು ಸತ್ತುಹೋಗಿತ್ತು. ಕೊನೆಗೆ ಅವರು ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: “ಸದ್ಯಕ್ಕೆ ನಿಮ್ಮ ಅಂಗಡಿಯಾಗ ಇರ್ಲಿ ಬಿಡ್ರಿ. ನಿಮ್ದು ಪವಿತ್ರವಾದ ಜಾಗ.”

ಹರಿಹರಕ್ಕೆ ಹೋಗಿ ಬಂದದ್ದು

ಶಿವ ಪಾರ್ವತಿಯರು ಏರಿದ ಮೇಲೆ ಹಲಗೆಯಲ್ಲಿ ಬಿರುಕು ಕಾಣಿಸಿತು. ಇನ್ನು ಸುಮ್ಮನಿದ್ದರೆ ನನ್ನ ಫೋಟೋಗೇ ಯಾರಾದರೂ ಕಟ್ಟು ಹಾಕಬೇಕಾಗುತ್ತಿತ್ತು. ಎಲ್ಲರನ್ನೂ ಲಗೇಜ್ ಆಟೋಗೆ ಹೇರಿಕೊಂಡು ಹರಿಹರದ ಹೊಳೆಗೆ ಬಿಡಲು ಹೋದೆ. ಬಟ್ಟೆ ಒಗೆಯುತ್ತಿದ್ದ ಅಜ್ಜಿ ತಲೆಯೆತ್ತಿ, “ಹೊಳಿ ಅಂದ್ರ ನಿಮ್ಮನಿ ತಿಪ್ಪಿ ಏನಪ್ಪಾ? ಗಂಗವ್ವಗ ಅಪಚಾರ ಮಾಡ್ತೀಯ?” ಎಂದರು. ಅವರ ಮಾತು ನಿಜವಾಗಿತ್ತು, ನಾಚಿಕೆಯಾಯಿತು. ಹತ್ತಿರದ ಓಣಿಯ ಅರಳಿಕಟ್ಟೆಯ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು, ಕೈಮುಗಿದು ಬಂದೆ. ಆ ಮಧ್ಯಾಹ್ನ ಖಾಲಿ ಅಟ್ಟದ ಕೆಳಗೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮರುದಿನ ಅಂಗಡಿ ಮುಂದೆ ಒಂದು ಟೆಂಪೋ ನಿಂತಿತು. ಡ್ರೈವರ್ ಇಳಿದು, “ಎಲ್ಲಾ ಫೋಟೋ ಹಿಂದೆ ನಿಮ್ಮ ಅಂಗಡಿ ಚೀಟಿ ಅಂಟ್ಸೈತೆ. ದೇವ್ರನ್ನ ಬೀದಿಗೆ ಬಿಡೋದು ಅಪಚಾರ ಅಂತ ಅರಳಿಕಟ್ಟಿ ಓಣಿ ಹಿರೇರು ವಾಪಸ್ ಕಳ್ಸ್ಯಾರ್ರಿ” ಎಂದು ಇಳಿಸತೊಡಗಿದ. ಇಳಿಸಿದಷ್ಟೂ ಮುಗಿಯಲಿಲ್ಲ.

“ನಾನು ಇಷ್ಟು ಇಟ್ಟಿರಲಿಲ್ಲಪ್ಪ.”

“ಹೌದ್ರಿ. ಹೆಂಗೂ ಗಾಡಿ ಹೊಂಟೈತೆ ಅಂತ ಓಣಿಯವ್ರೂ ತಮ್ಮ ತಮ್ಮ ಹಳೇವು ಹಾಕ್ಯಾರ.”

ಅಟ್ಟ ತುಂಬಿತು, ನೆಲ ತುಂಬಿತು, ನಾನು ಕೂರುವ ಜಾಗವೂ ಹೋಯಿತು. ಸುತ್ತಿಗೆ, ಮೊಳೆ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಸಂತೆಗೆ ಹೊರಟ ಹೆಂಗಸೊಬ್ಬರು ನಿಂತು, ಒಳಗೆ ನೋಡಿ ಕೆನ್ನೆ ಬಡಿದುಕೊಂಡು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, “ದೇವ್ರ ಬಾಗ್ಲಾಗ ಚಪ್ಲಿ ಮೆಟ್ಕಂಡು ಕುಂತೀರಲ್ರಿ, ಅಪಚಾರ” ಎಂದರು.

ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟೆ. ಆಕೆಗೆ ಸಮಾಧಾನವಾಯಿತು.

“ಮಂಗಳಾರತಿ ಎಷ್ಟೊತ್ತಿಗ್ರಿ, ಪೂಜಾರ್ರೆ?”