ಏಳು ಗೀರಿನ ಕವಚ

ಭಾನುವಾರ ಬೆಳಿಗ್ಗೆ ಜಯತೀರ್ಥರು ಅಟ್ಟದ ಮೇಲಿನ ಸೂಟ್‌ಕೇಸನ್ನು ಎಳೆದರು. ಅದರ ಹಿಂದೆ ನಿಂತಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ, ತನ್ನನ್ನೂ ಕರೆದರೇನೋ ಎಂಬಂತೆ, ಅವರ ಹೆಗಲ ಮೇಲಿಂದ ಹಾರಿ ನೆಲಕ್ಕೆ ಬಿತ್ತು.

ಸೂಟ್‌ಕೇಸು ಬೇಕಾದದ್ದಕ್ಕೆ ಕಾರಣವಿತ್ತು. ಶುಕ್ರವಾರ ಅವರ ವಿಮಾ ಕಂಪನಿಯಿಂದ ವರ್ಗಾವಣೆಯ ಮೇಲ್ ಬಂದಿತ್ತು: ಸೂರತ್‌ನಿಂದ ವಡೋದರಾಕ್ಕೆ. ಒಪ್ಪಿಗೆಯೋ ಅಲ್ಲವೋ, ಸೋಮವಾರ ಹನ್ನೊಂದರೊಳಗೆ ತಿಳಿಸಬೇಕು. ಧಾರವಾಡ ಬಿಟ್ಟ ಮೇಲೆ ಇದು ಎಂಟನೆಯದು. ಹೆಂಡತಿ ನಾಗವೇಣಿಗೂ ಹನ್ನೊಂದನೇ ತರಗತಿಯ ಮಗಳು ಪೂರ್ವಿಗೂ ಇನ್ನೂ ಹೇಳಿರಲಿಲ್ಲ. ಮಧ್ಯಾಹ್ನ ಮಾವಿನ ರಸ, ಪೂರಿ ಹೊಟ್ಟೆಗಿಳಿದು ಇಬ್ಬರೂ ನಗುತ್ತಿರುವಾಗ ಹೇಳುವುದೆಂದು ನಿರ್ಧರಿಸಿದ್ದರು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಸಿಟ್ಟು ಬರಬಾರದು. ಆ ದಿನ ಅವರಿಗಿದ್ದದ್ದು ಅದೊಂದೇ ಕೆಲಸ.

ಪೆಟ್ಟಿಗೆಯಿಂದ ಹೊರಬಿದ್ದದ್ದು ಒಂದು ಯುದ್ಧಕವಚ. ನೋಡಲು ಕಬ್ಬಿಣ, ಎತ್ತಿದರೆ ಹಪ್ಪಳ. ಜಿಮ್‌ನಲ್ಲಿ ನೆಲಕ್ಕೆ ಹಾಸುವ ಫೋಮ್ ಹಾಳೆಯನ್ನು ಕತ್ತರಿಸಿ, ಬಿಸಿಮಾಡಿ ಬಗ್ಗಿಸಿ, ಬಣ್ಣ ಹೊಡೆದು ಮಾಡಿದ್ದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿ ಅವರಿಗೆ ನೆನಪಾಯಿತು: 'ಭಾನುವಾರ ನಾಲ್ಕು ಗಂಟೆ, ಕಾಸ್‌ಪ್ಲೇ ಸ್ಪರ್ಧೆ.' ಒಂದು ಪಾತ್ರದ ವೇಷವನ್ನು, ಆಯುಧವನ್ನು ಸ್ವಂತ ಕೈಯಿಂದ ಮಾಡಿ ತೊಟ್ಟು ವೇದಿಕೆಗೆ ಬರುವ ಈಗಿನ ಹುಡುಗರ ಹುಚ್ಚು. ಹಾಗಾದರೆ ಇದು ಪೂರ್ವಿಯದು! ತಿರುಗಿಸಿ ನೋಡಿದರು. ಏಳು ದೊಡ್ಡ ಗೀರುಗಳು. ಭುಜದಂಚು ಸುಟ್ಟಂತಿದೆ. ಅಲ್ಲಲ್ಲಿ ತುಕ್ಕು.

ಗೀರಿನ ವಿಷಯದಲ್ಲಿ ಜಯತೀರ್ಥರು ಸುಲಭಕ್ಕೆ ಮೋಸಹೋಗುವವರಲ್ಲ. ಓದಿದ್ದು ರಸಾಯನಶಾಸ್ತ್ರ, ಇಪ್ಪತ್ತಾರು ವರ್ಷಗಳಿಂದ ಅಪಘಾತದ ವಾಹನಗಳ ತಪಾಸಣೆ. ಹಜೀರಾ ರಸ್ತೆಯಲ್ಲಿ ಲಾರಿಗೆ ಉಜ್ಜಿದ ಕಾರು ಕಂಡರೆ ಯಾವ ಗೀರು ನಿನ್ನೆಯದು, ಯಾವುದು ಹೋದ ದೀಪಾವಳಿಯದು ಎಂದು ಹೇಳಬಲ್ಲರು. ಕನ್ನಡಕ ಏರಿಸಿ, ಉಗುರಿನಿಂದ ಅಂಚು ಮುಟ್ಟಿ ಪರೀಕ್ಷಿಸಿದರು. ಈ ಗೀರುಗಳಿಗೆ ಒಂದು ದಿನವೂ ಆಗಿಲ್ಲ. ಈ ತೀರ್ಮಾನ ಪೂರ್ತಿ ಸರಿಯಾಗಿತ್ತು. ತಪ್ಪಿದ್ದು ಅದರ ಮುಂದಿನದು: 'ಬೀಳಿಸಿ ಕೆಡಿಸಿದವ ನಾನು.'

ಪೂರ್ವಿ ಕ್ಲಾಸು ಮುಗಿಸಿ ಬರುವುದು ಒಂದೂವರೆಗೆ. ನಾಗವೇಣಿ ಕತಾರ್‌ಗಾಮ್‌ನ ಗೆಳತಿಯ ಮನೆಗೆ ಹೋಗಿದ್ದರು. ಮೂರು ಗಂಟೆ ಸಮಯವಿತ್ತು.

ಮೊದಲು ತುಕ್ಕು. ಹುಣಸೆ ನೀರಿನಲ್ಲಿ ಬಟ್ಟೆ ಅದ್ದಿ ಉಜ್ಜಿದರು. ಒಂದೇ ಸಲಕ್ಕೆ ಹೋಯಿತು. ಹೋಗುವಾಗ ಘಮ್ಮೆಂದು ಕಾಫಿಯ ವಾಸನೆ ಬಿಟ್ಟುಹೋಯಿತು. "ಕಾಫಿ ಚೆಲ್ಲಿಕೊಂಡು ಕೆಲಸ ಮಾಡ್ಯಾಳ, ಹುಚ್ಚಿ," ಎಂದು ಮಮತೆಯಿಂದ ಕವಚವನ್ನೆಲ್ಲ ತೊಳೆದರು. ಆಮೇಲೆ ಬೆಳಕಿಗೆಂದು ಬಾಗಿಲ ಹೊರಗೆ ತಂದರು. ಅಲ್ಲಿಗೆ ವಿಷಯ ಅವರ ಕೈತಪ್ಪಿತು.

"ಅರೇ ಜಯ್‌ಭಾಯ್, ಯಾವ ರಾಜನನ್ನ ಕೊಂದು ಬಂದಿರಿ?"

ಎದುರು ಫ್ಲ್ಯಾಟಿನ ಘನಶ್ಯಾಮ್‌ಭಾಯ್. ವಜ್ರಕ್ಕೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ರಜೆಯ ದಿನವೂ ಜೇಬಿನಲ್ಲಿ ಭೂತಗನ್ನಡಿ. ಅವರ ಗುಜರಾತಿ ಬೆರೆತ ಹಿಂದಿಯನ್ನು ಕನ್ನಡಕ್ಕೆ ತಂದರೆ ಅರ್ಧ ಜೋರು ಕಡಿಮೆಯಾಗುತ್ತದೆ. ಸಂಗತಿ ಕೇಳಿ, ಕನ್ನಡಿ ಕಣ್ಣಿಗೊತ್ತಿ, ಅವರು ಸತ್ತವರ ಮನೆಗೆ ಬಂದವರಂತೆ ನಿಟ್ಟುಸಿರಿಟ್ಟರು.

"ಇಷ್ಟು ಗೀರು ಇಟ್ಟುಕೊಂಡು ಮಗಳು ಸ್ಟೇಜಿಗೆ ಹೋದರೆ ನಮ್ಮ ಅಡಾಜಣ್ ಬಡಾವಣೆಯ ಮರ್ಯಾದೆ ಏನು? ಹಂಸಾ! ಪುಟ್ಟಿ ತಗೊಂಡು ಬಾ!"

"ಗೋಡೆಗೆ ಹಚ್ಚೋದಾ?" ಒಳಗಿಂದ ಹೆಂಡತಿ ಹಂಸಾಬೆನ್ ಕೂಗಿದರು.

"ಮತ್ತೇನು, ಮುಖಕ್ಕೆ ಹಚ್ಚೋದಾ?"

ಪುಟ್ಟಿ ಬಂತು. ಏಳು ಗೀರೂ ತುಂಬಿದವು. ಘನಶ್ಯಾಮ್‌ಭಾಯ್ ಮರಳು ಕಾಗದದಲ್ಲಿ ಉಜ್ಜಿ, ಸ್ಕೂಟರಿಗೆ ಹೊಡೆಯುವ ಬೆಳ್ಳಿ ಬಣ್ಣ ಸಿಂಪಡಿಸಿದರು. ಸುಟ್ಟ ಅಂಚು ಮಾತ್ರ ಮುಚ್ಚಲಿಲ್ಲ. ಹಂಸಾಬೆನ್ ಮನೆಯಲ್ಲೇ ಸೀರೆಗಳಿಗೆ ಹರಳು ಅಂಟಿಸುವವರು. "ಇದಕ್ಕೆ ಯಾಕೆ ಚಿಂತೆ?" ಎಂದು ಭುಜದ ತುಂಬ ಎರಡು ಸಾಲು ಬಿಳಿ ಹರಳು ಕೂರಿಸಿದರು. ಕೈಗೆ ವೇಗ ಬಂದಿದ್ದರಿಂದ ಎದೆಯ ಮೇಲೊಂದು ನವಿಲನ್ನೂ ಕೂರಿಸಿದರು. ಸೊಂಟಪಟ್ಟಿಗೆ ಬಂದಾಗ ಹುಬ್ಬೇರಿಸಿದರು.

"ಭಾಯ್, ಪೂರ್ವಿ ಇಷ್ಟು ದಪ್ಪ ಇದ್ದಾಳಾ?"

"ಬೆಳೆಯುವ ಹುಡುಗಿ. ಸಡಿಲಾಗಿ ಮಾಡಿರಬೇಕು," ಎಂದರು ಜಯತೀರ್ಥರು.

"ಸ್ಟೇಜಿನ ಮೇಲೆ ಜಾರಿಬಿಟ್ಟರೆ?"

ಹೇಳಿ ಮುಗಿಸುವುದರೊಳಗೆ ಹಂಸಾಬೆನ್ ನಾಲ್ಕು ಇಂಚು ಕತ್ತರಿಸಿ, ಅಂಟು ಹಚ್ಚಿ ಕೂಡಿಸಿಯಾಗಿತ್ತು. ತುಂಡುಗಳು ಕಸದ ಗಾಡಿ ಹತ್ತಿ ಹೋದವು. ಕವಚ ಈಗ ಮದುವೆಯ ಮಂಟಪದಂತೆ ಝಗಝಗಿಸುತ್ತಿತ್ತು.

ಒಂದೂವರೆಗೆ ಲಿಫ್ಟಿನಿಂದ ಇಳಿದ ಪೂರ್ವಿಯ ಹೆಗಲಿನಿಂದ ಚೀಲ ಜಾರಿತು.

"ಅಪ್ಪಾ! ಯೇ ಕ್ಯಾ ಕರ್ ದಿಯಾ?"

"ಸಿಟ್ಟಾಗಬ್ಯಾಡವಾ. ನನ್ನ ಕೈಯಿಂದ ಬಿತ್ತು. ಆದ್ರ ನೋಡು, ನಿಂದು ಮೊದಲಿಗಿಂತ ಛಲೋ ಆಗ್ಯದ."

"ನಂದಲ್ಲ ಅಪ್ಪಾ. ಅಮ್ಮಂದು."

ಜಯತೀರ್ಥರು ನಕ್ಕರು. ಮಗಳು ನಗಲಿಲ್ಲ.

"ಫೋರ್ ಮಂತ್ಸ್ ಮಾಡಿದ್ಲು, ಡೇಲಿ ದೋಪಹರ್‌ನಲ್ಲಿ, ನಾವು ಮನೇಲಿ ಇಲ್ಲದಾಗ. ಸ್ಕ್ರ್ಯಾಚ್ ನಿನ್ನೆ ಹಾಕಿದ್ಲು, ಸ್ಕೇಲ್ ಇಟ್ಟು. ರಸ್ಟ್ ಕಾಫಿ ಪೌಡರಿಂದು. ಈ ಕ್ಯಾರೆಕ್ಟರ್ ಕೋಟೆ ಕೋಟೆಗೆ ಟ್ರಾನ್ಸ್‌ಫರ್ ಆಗೋ ಸೋಲ್ಜರ್, ಅಮ್ಮಂದೇ ಸ್ಟೋರಿ. ಸೆವೆನ್ ಕೋಟೆ, ಸೆವೆನ್ ಸ್ಕ್ರ್ಯಾಚ್."

ಎದುರು ಮನೆಯ ದಂಪತಿಗೆ ಮಾತು ಅರ್ಥವಾಗದಿದ್ದರೂ ಜಯತೀರ್ಥರ ಮುಖ ಅರ್ಥವಾಯಿತು. ಹಂಸಾಬೆನ್ ಅಂಟಿನ ಟ್ಯೂಬನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಆಗಲೇ ಲಿಫ್ಟು ಮತ್ತೆ ತೆರೆಯಿತು. ನಾಗವೇಣಿ ಬಂದರು. ಒಂದು ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಗೆಳತಿಯ ಮನೆಯಲ್ಲಿ ಬಣ್ಣ ಒಣಗಿಸಿ ತಂದ ನಾಲ್ಕಡಿಯ ಫೋಮ್ ಕತ್ತಿ.

"ಬಿದ್ದಿತೇನ್ರಿ?" ಎಂದರು.

"ಬಿತ್ತು."

"ರಿಪೇರಿ ಮಾಡಿದ್ರೇನು?"

"ಮಾಡಿದೆ."

ನಾಗವೇಣಿ ಕತ್ತಿಯನ್ನು ಗೋಡೆಗೊರಗಿಸಿದರು. ಕವಚದ ನುಣುಪಿನ ಮೇಲೆ ಬೆರಳಾಡಿಸಿ, "ಇಲ್ಲೆ ಸೋಲಾಪುರ ಇತ್ತು," ಎಂದರು. ಬೆರಳು ಸ್ವಲ್ಪ ಕೆಳಗಿಳಿಯಿತು. "ಇಲ್ಲೆ ಭೋಪಾಳ."

ಬೈದಿದ್ದರೆ ಜಯತೀರ್ಥರಿಗೆ ಎಷ್ಟೋ ಹಾಯೆನಿಸುತ್ತಿತ್ತು.

ನಾಗವೇಣಿ ತೊಟ್ಟು ನೋಡಿದರು, ಸೊಂಟ ನಾಲ್ಕು ಇಂಚು ಸಾಲಲಿಲ್ಲ. ಪೂರ್ವಿ ತೊಟ್ಟಳು; ಗಿಡ್ಡ ಹುಡುಗಿ, ಎದೆಗವಚ ಮೊಣಕಾಲಿಗೆ ಬಂತು. ಆಗ ನಾಲ್ವರ ಕಣ್ಣೂ ಒಟ್ಟಿಗೇ ಛತ್ರಿಯ ಕಡ್ಡಿಯಂತೆ ನಿಂತಿದ್ದ ಜಯತೀರ್ಥರತ್ತ ಹೊರಳಿದವು. ಅವರ ಸೊಂಟಕ್ಕೆ ಬಕಲ್ ಟಕ್ಕೆಂದು ಕೂತಿತು.

"ಹೇಗಿದೆ ನನ್ನ ಅಳತೆ!" ಎಂದು ಹಂಸಾಬೆನ್ ಸೆರಗಿನಿಂದ ಕೈ ಹೊರತೆಗೆದರು.

"ನಾನು... ಸ್ಟೇಜಿಗೆ?"

"ಹೆಸರು ಕೊಟ್ಟೀನ್ರಿ. ಕವಚ ತಾನಾ ನಡಕೊಂಡು ಹೋಗಂಗಿಲ್ಲ. ಅಲ್ಲಾಡಬ್ಯಾಡ್ರಿ," ಎಂದು ನಾಗವೇಣಿ ಚಾಕು ತಂದರು. ಊಟಕ್ಕೆ ಸಮಯವಿರಲಿಲ್ಲ. ಮಾವಿನ ರಸ ಫ್ರಿಜ್ಜಿನಲ್ಲೇ ಉಳಿಯಿತು, ವಡೋದರಾ ಗಂಟಲಿನಲ್ಲೇ ಉಳಿಯಿತು. ಒಂದೊಂದು ಗೀರು ಎಳೆಯುವಾಗಲೂ ನಾಗವೇಣಿ ಊರಿನ ಹೆಸರು ಹೇಳುತ್ತಿದ್ದರು. ಇಪ್ಪತ್ತಾರು ವರ್ಷ ಜೊತೆಗಿದ್ದ ಜಯತೀರ್ಥರು ಆ ಹೆಸರುಗಳನ್ನು ಹೊಸದಾಗಿ ಕೇಳುವವರಂತೆ ಉಸಿರು ಹಿಡಿದು ನಿಂತಿದ್ದರು.

ಪ್ರತಿ ಪಾತ್ರವೂ ವೇದಿಕೆಯಲ್ಲಿ ಒಂದು ಮಾತಾದರೂ ಆಡಬೇಕೆಂಬುದು ಸ್ಪರ್ಧೆಯ ನಿಯಮ. ಸರದಿ ಬರುವ ಮುಂಚೆ ನಾಗವೇಣಿ ಚೀಟಿ ಕೊಟ್ಟರು. ಜಯತೀರ್ಥರು ಓದಿ ಬೆವೆತರು: 'ಇನ್ನೊಂದು ಕೋಟೆಗೆ ನಾನು ಬರುವುದಿಲ್ಲ. ಕಳಿಸುವವರು ಬೇಕಾದರೆ ತಾವೇ ಹೋಗಲಿ.'

"ಇದನ್ನ ಸ್ವಲ್ಪ ಬದಲಿ ಮಾಡಬಹುದೇನು? 'ವಿಚಾರ ಮಾಡಿ ತಿಳಸ್ತೀನಿ' ಅಂತ?"

"ಇದರಾಗೂ ಗೀರು ಕಂಡುವೇನ್ರಿ?"

ಅಷ್ಟರಲ್ಲಿ ಸರದಿ ಬಂತು. ದೀಪಕ್ಕೆ ಹರಳಿನ ನವಿಲು ಮಿಂಚಿ ಮೊದಲ ಸಾಲಿನ ತೀರ್ಪುಗಾರರು ಕಣ್ಣಿಗೆ ಕೈ ಅಡ್ಡಹಿಡಿದರು. ಕತ್ತಿಯನ್ನು ಎದೆಗಪ್ಪಿಕೊಂಡು, ಒಂದೊಂದು ಪದಕ್ಕೂ ತಡವರಿಸುತ್ತ ಜಯತೀರ್ಥರು ಎರಡೂ ವಾಕ್ಯ ಹೇಳಿದರು. ಸಭಾಂಗಣದಲ್ಲಿ ಕನ್ನಡ ಬಲ್ಲವರು ಇನ್ನಿಬ್ಬರೇ. ಆದರೂ ಆ ಸಂಕಟ ಎಲ್ಲರಿಗೂ ತಿಳಿಯಿತು. ಚಪ್ಪಾಳೆ ನಿಲ್ಲಲಿಲ್ಲ. ಅಭಿನಯಕ್ಕೆಂದು ಮೂರನೇ ಬಹುಮಾನವೂ ಬಂತು.

ಅಂಟು ಬಕಲ್‌ನೊಳಗೂ ಇಳಿದಿತ್ತು. ಹಾಗಾಗಿ ಯೋಧ ಕವಚದಲ್ಲೇ ರಿಕ್ಷಾ ಹತ್ತಬೇಕಾಯಿತು. ತಾಪಿಯ ಸೇತುವೆ ಬಂದಾಗ ಅವರು ಗಂಟಲು ಸರಿಮಾಡಿಕೊಂಡರು.

"ಒಂದು ಮಾತು ಹೇಳೋದಿತ್ತು."

"ವಡೋದರಾದ್ದೇನು?" ಎಂದರು ನಾಗವೇಣಿ, ಹೊಳೆಯ ಕಡೆ ನೋಡುತ್ತಲೇ.

ಜಯತೀರ್ಥರು ಅವರತ್ತ ತಿರುಗಲು ಹೋದರು, ಕವಚ ಬಿಡಲಿಲ್ಲ.

"ಶುಕ್ರವಾರ ನಿಮ್ಮ ಫೋನಿನಾಗ ನೋಡೀನಿ. ಶನಿವಾರ ಆ ಚೀಟಿಯ ಮಾತು ಬರೆದೆ. ನಾನು ಸ್ಟೇಜಿನ ಮ್ಯಾಲೆ ನಿಂತು ಹೇಳೋದು, ನೀವು ಕೆಳಗ ಕೂತು ಕೇಳೋದು ಅಂತ ಇತ್ತು. ಹಿಂಗಾತು." ಅವರ ಭುಜದಿಂದ ಸಡಿಲಾಗಿದ್ದ ಒಂದು ಹರಳನ್ನು ಮೆಲ್ಲಗೆ ಒತ್ತಿ ಕೂರಿಸಿದರು. "ನಾಳೆ ಹನ್ನೊಂದಕ್ಕ ಆಫೀಸಿನಾಗೂ ಹಂಗ ಹೇಳ್ರಿ. ಧ್ವನಿ ಭಾಳ ಛಲೋ ಇತ್ತು."