ಇಲ್ಲದ ಉಪ್ಪರಿಗೆಯ ತೆರಿಗೆ

ಕುವೈತಿನಲ್ಲಿರುವವರಿಗೆ ಬಡತನ ಇರಬಾರದು ಎಂದು ಊರಿನವರು ಎಂದೋ ಠರಾವು ಮಾಡಿಬಿಟ್ಟಿದ್ದಾರೆ. ನಾವೂ ಅದಕ್ಕೆ ಸಹಿ ಹಾಕಿದ್ದೇವೆ ಎನ್ನುವುದೇ ತಮಾಷೆ. ರಜೆಯಲ್ಲಿ ಹೋದಾಗ ಸೋಪು, ಹಾಲಿನ ಪುಡಿ, ಸೆಂಟು ತುಂಬಿದ ಪೆಟ್ಟಿಗೆಯನ್ನು ಬೀದಿಗೆಲ್ಲ ಕಾಣುವ ಹಾಗೆ ಇಳಿಸುವವರು ನಾವೇ. ಆ ಪೆಟ್ಟಿಗೆಗಾಗಿ ಮೂರು ತಿಂಗಳು ಮೀನು ಬಿಟ್ಟು ಬೇಳೆಸಾರಿನಲ್ಲೇ ಉಂಡದ್ದನ್ನು ಯಾರಿಗೂ ಹೇಳುವುದಿಲ್ಲ. ದೇವರಿಗೆ ಗೊತ್ತು, ಪುಣ್ಯಕ್ಕೆ ಅವನು ಬಾಯಿಬಿಡುವವನಲ್ಲ.

ನಮ್ಮವರು ಇಲ್ಲಿನ ರಾಯ್ ಎಂಬ ಪೇಟೆಯಲ್ಲಿ ಕಾರಿನ ಬಿಡಿಭಾಗಗಳ ಶೋರೂಮೊಂದರ ಗೋದಾಮು ನೋಡಿಕೊಳ್ಳುತ್ತಾರೆ. ಎರಡು ವರ್ಷದಿಂದ ಓವರ್‌ಟೈಮ್ ಖಲಾಸ್. ಬಾಡಿಗೆ, ಮಗಳ ಫೀಸು, ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣ ಎಂದು ಸಂಬಳ ಮನೆಗೆ ಬರುವುದು ಬಂದುಹೋಗುವ ನೆಂಟರ ಹಾಗೆ. ಚಹಾ ಕುಡಿಯುವಷ್ಟು ಹೊತ್ತೂ ಕೂರುವುದಿಲ್ಲ. ಆದರೂ ಬೆಳಿಗ್ಗೆ ದೀಪ ಹಚ್ಚುವಾಗ ದೇವರ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ಏಸಿ ಕೆಟ್ಟಿಲ್ಲ, ಒಂದು. ಮಗಳಿಗೆ ಜ್ವರವಿಲ್ಲ, ಎರಡು. ಮೂರನೆಯದನ್ನು ಹುಡುಕುತ್ತಿರುವಾಗ ಊರಿನಿಂದ ನಾದಿನಿ ವಿನಯಾಳ ಫೋನು ಬಂತು. ಗಂಡ ತೀರಿಕೊಂಡ ಮೇಲೆ ಅವಳು ನಮ್ಮ ಊರಿನ ಮನೆಯಲ್ಲೇ ಇದ್ದು ಹೊಲಿಗೆ ಮಾಡಿ ಬದುಕುತ್ತಿದ್ದಾಳೆ.

"ಅತ್ತಿಗೆ, ಪಂಚಾಯತಿನಿಂದ ನೋಟಿಸ್ ಬಂದುಂಟು. ಆರು ವರ್ಷದ ಮನೆ ತೆರಿಗೆ ಬಾಕಿಯಂತೆ. ಹದಿನೈದು ದಿನದೊಳಗೆ ಕಟ್ಟದಿದ್ರೆ ನಳ್ಳಿ ಕಟ್ ಮಾಡ್ತಾರಂತೆ. ನಮ್ಮ ಬಾವಿಯದ್ದು ಉಪ್ಪು ನೀರು, ನಿಮಗೆ ಗೊತ್ತುಂಟಲ್ಲ?"

ನೋಟಿಸಿನ ಫೋಟೋ ನೋಡಿದೆ. ನಮ್ಮವರ ಒಂದು ತಿಂಗಳ ಸಂಬಳದ ಮುಕ್ಕಾಲು ಪಾಲು! "ಆರು ವರ್ಷ ಒಂದು ಪೈಸೆಯೂ ಕಟ್ಟಲಿಲ್ವಾ?" ಎಂದು ನಮ್ಮವರನ್ನು ಕೇಳಿದರೆ, "ಬರುವ ವರ್ಷ ಒಟ್ಟಿಗೇ ಕಟ್ಟುವ ಅಂತ ಇದ್ದೆ ಮಾರಾಯ್ತಿ" ಎಂದರು. ನಾನೂ ಸಾಚಾ ಅಲ್ಲ. ಅದಕ್ಕೆಂದು ತೆಗೆದಿಟ್ಟ ದಿನಾರುಗಳಲ್ಲಿ ಒಂದು ವರ್ಷ ಗ್ರೈಂಡರ್ ಬಂತು. ಮೆತ್ತನೆಯ ಇಡ್ಲಿ ತಿನ್ನುವಾಗ ಪಂಚಾಯತಿನ ನೆನಪು ಯಾರಿಗೆ ಬರುತ್ತದೆ?

ಊರಿನಲ್ಲಿ ಹತ್ತು ಗಂಟೆಗೆ ಕಚೇರಿ ತೆರೆಯುವಾಗ ಇಲ್ಲಿ ಏಳೂವರೆ. ಒಂದು ಕೈಯಲ್ಲಿ ಸಟ್ಟುಗ, ಇನ್ನೊಂದರಲ್ಲಿ ಫೋನು ಹಿಡಿದು ಬಿಲ್ ಕಲೆಕ್ಟರಿಗೆ ಕರೆ ಮಾಡಿದೆ.

"ಎಂತ ಅಕ್ಕಾ, ಕುವೈತಿನವರಿಗೆ ಇದೆಲ್ಲ ಒಂದು ಲೆಕ್ಕವಾ? ಇಲ್ಲಿ ಬೀಡಿ ಸುತ್ತುವವರೇ ಕೊಟ್ಟಾಯ್ತು!"

"ಅಣ್ಣಾ, ಅವರಿಗೆ ವಾರ ವಾರ ಮಜೂರಿ ಸಿಗ್ತದೆ. ನಮಗೆ ಇಲ್ಲಿ ಬಿಸಿಲು ಮಾತ್ರ ಸರಿಯಾಗಿ ಸಿಗುವುದು."

ಅವರು ನಕ್ಕರು. ಮನುಷ್ಯ ಒಳ್ಳೆಯವರು. "ಕಂತಿನಲ್ಲಿ ಕಟ್ಟುವುದಾದ್ರೆ ಆದಾಯ ಕಡಿಮೆ ಅಂತ ಒಂದು ಅರ್ಜಿ ಕಳಿಸಿ. ಪಿಡಿಒ ಮೇಡಮ್ ಹತ್ರ ಕೇಳುವ" ಎಂದರು.

ಅರ್ಜಿಯ ಮಾತು ಕೇಳಿದ್ದೇ ನಮ್ಮವರು ಬಿಸಿ ಕಾವಲಿ ಮುಟ್ಟಿದವರ ಹಾಗೆ ಹಾರಿದರು. "ಬೇಡವೇ ಬೇಡ! ನಾಳೆ ಇಡೀ ಊರಿಗೆ ಗೊತ್ತಾಗ್ತದೆ. ಸಾಲ ಮಾಡಿಯಾದ್ರೂ ಕಟ್ಟುವ."

"ಯಾರ ಹತ್ರ ಸಾಲ?"

ಅವರು ಶೂ ಹುಡುಕತೊಡಗಿದರು. ಅವರು ಡ್ಯೂಟಿಗೆ ಹೋದ ಮೇಲೆ ದೇವರಿಗೆ ಕೈಮುಗಿದು ನಾನೇ ಬರೆಯಲು ಕೂತೆ. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ರಾಮನಾಮ ಮತ್ತು ದಿನಸಿ ಚೀಟಿ ಬಿಟ್ಟು ಬೇರೇನನ್ನೂ ಬರೆದವಳಲ್ಲ. 'ನಾವು ಕುವೈತಿನಲ್ಲಿದ್ದರೂ' ಎಂದು ಶುರು ಮಾಡಿ, ಆ 'ಇದ್ದರೂ' ಆದ ಮೇಲೆ ಅರ್ಧ ಗಂಟೆ ಕೂತೆ. ಕಡೆಗೆ ಮನೆಯ ವಿವರವನ್ನಾದರೂ ತುಂಬಿಸೋಣ ಎಂದು ನೋಟಿಸಿನ ಫೋಟೋ ದೊಡ್ಡದು ಮಾಡಿದರೆ, ಅಲ್ಲಿತ್ತು: ನೆಲ ಅಂತಸ್ತು, ಮೊದಲನೇ ಅಂತಸ್ತು.

ನಮ್ಮದು ಒಂದೇ ಅಂತಸ್ತಿನ ಮನೆ!

ಸಂಜೆ ಕೇಳಿದಾಗ ನಮ್ಮವರು ಕಿವಿ ತುರಿಸಿಕೊಂಡರು. ಸತ್ಯ ಹೊರಬೀಳುವ ಮೊದಲು ಅವರ ಕಿವಿ ತುರಿಸುತ್ತದೆ. ಮನೆ ಮುಗಿದ ವರ್ಷ ಆಗಿನ ಬಿಲ್ ಕಲೆಕ್ಟರ್ ಟೇಪು ಹಿಡಿದು ಬಂದಿದ್ದರಂತೆ. ಗಲ್ಫಿನವರ ಮನೆಯೆಂದ ಮೇಲೆ ಟೆರೇಸಿನ ಕಂಬಗಳಲ್ಲಿ ಮುಂದಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ಇರಲೇಬೇಕಲ್ಲ? ಅವುಗಳತ್ತ ಕೈತೋರಿಸಿ ಇವರು, "ಬರುವ ವರ್ಷ ಉಪ್ಪರಿಗೆ ಏಳ್ತದೆ. ಪುನಃ ನೀವು ಬರುವುದೆಂತಕ್ಕೆ? ಈಗಲೇ ಬರ್ಕೊಳ್ಳಿ" ಎಂದರಂತೆ. ಹೊರಡುವಾಗ ಒಂದು ಬಾಟ್ಲಿ ಸೆಂಟನ್ನೂ ಕೊಟ್ಟರಂತೆ! ತೆರಿಗೆ ಕಡಿಮೆ ಮಾಡಿಸಲು ಕೈ ಬಿಸಿ ಮಾಡಿದವರ ಕತೆ ಕೇಳಿದ್ದೇನೆ. ಹೆಚ್ಚು ಮಾಡಿಸಿಕೊಳ್ಳಲು ಕೊಟ್ಟವರು ನಮ್ಮವರೊಬ್ಬರೇ.

ಮರುದಿನ ಈಗಿನ ಬಿಲ್ ಕಲೆಕ್ಟರಿಗೆ ಅರ್ಜಿ ಕಳಿಸಿ, ಒಮ್ಮೆ ಮನೆಗೆ ಬನ್ನಿ ಎಂದು ಬೇಡಿಕೊಂಡೆ. ಬಂದರು. ವಿನಯಾ ವಿಡಿಯೋ ಕಾಲ್ ಹಚ್ಚಿ ಅವರನ್ನು ಟೆರೇಸಿಗೆ ಹತ್ತಿಸಿದಳು. ಹಪ್ಪಳ, ಒಣಗಲು ಹಾಕಿದ ರವಿಕೆಗಳು, ತುಕ್ಕು ಹಿಡಿದ ಸರಳುಗಳು ಕಂಡವು.

"ಉಪ್ಪರಿಗೆ ಎಲ್ಲಿ ಅಕ್ಕಾ?"

"ನೀವು ಅದರೊಳಗೇ ನಿಂತಿದ್ದೀರಿ ಅಣ್ಣಾ. ಹಪ್ಪಳ ಮೆಟ್ಟಬೇಡಿ."

ಅವರು ಮೇಲೆ ನೋಡಿದರು, ಕೆಳಗೆ ನೋಡಿದರು. "ಅಲ್ಲ ಮಾರಾಯ್ರೆ, ಆರು ವರ್ಷ ನಾವು ಆಕಾಶಕ್ಕೆ ತೆರಿಗೆ ಹಾಕಿದ್ದಾ?"

"ನೀವು ಹಾಕಿದ್ದು. ದೇವರ ದಯೆಯಿಂದ ನಾವು ಕಟ್ಟಲಿಲ್ಲ!"

ಹೊಸದಾಗಿ ಅಳತೆಯಾಯಿತು. ಪಂಚಾಯತಿನ ಮೇಡಮ್ ಉಪ್ಪರಿಗೆಯನ್ನು ಒಂದು ಗೀಟಿನಲ್ಲಿ ಹೊಡೆದು ಹಾಕಿದರು. ಬಾಕಿ ಅರ್ಧಕ್ಕೆ ಇಳಿಯಿತು. ಉಳಿದದ್ದಕ್ಕೆ ಮೂರು ಕಂತು. ಮೊದಲ ಕಂತಿನ ರಶೀದಿ ಸಿಕ್ಕಿದ ದಿನ ವಿನಯಾ ನಳ್ಳಿ ತಿರುಗಿಸಿ ಫೋನನ್ನು ಹತ್ತಿರ ಹಿಡಿದಳು. ಕೊಡಕ್ಕೆ ನೀರು ಬೀಳುವ ಸದ್ದು ಕುವೈತಿನ ನನ್ನ ಅಡುಗೆಮನೆಯ ತನಕ ಕೇಳಿಸಿತು. ಆ ದಿನ ಉಪಕಾರಗಳನ್ನು ಎಣಿಸಲು ಬೆರಳು ಸಾಲಲಿಲ್ಲ. ನಮ್ಮವರು ಮಾತ್ರ, "ನೋಡು, ನಾನು ಕಟ್ಟದೆ ಬಾಕಿ ಇಟ್ಟದ್ದು ಒಳ್ಳೆಯದೇ ಆಯ್ತು" ಎಂದು ಗೆಲುವಿನಲ್ಲಿ ತಮ್ಮ ಪಾಲು ತೆಗೆದುಕೊಂಡರು.

ಕುವೈತಿನಲ್ಲಿ ನಮ್ಮ ಊರ ಕಡೆಯವರು ಸೇರುವ ಶುಕ್ರವಾರದ ಭಜನೆ ಮುಗಿದ ಮೇಲೆ ಈ ಕತೆಯನ್ನು ಹೆಂಗಸರಿಗೆಲ್ಲ ಹರಿಕತೆಯ ಹಾಗೆ ಹೇಳಿದೆ. ಸಂಬಳ ಕಡಿಮೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಸತ್ಯ ಹೇಳಲು ನಾಚಿಕೆ ಏಕೆ ಎಂದು ಸಣ್ಣದೊಂದು ಪ್ರವಚನವೂ ಆಯಿತು. ಇಬ್ಬರು ತಮಗೂ ಒಂದು ಅರ್ಜಿ ಬರೆದುಕೊಡಿ ಎಂದರು. ಆಗ, ಊರಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಪ್ರಸಾದದ ತಟ್ಟೆ ಹಿಡಿದುಕೊಂಡೇ ಕೇಳಿದಳು: "ಹಾಗಾದ್ರೆ ನಿಮ್ಮ ಮನೆಗೆ ಉಪ್ಪರಿಗೆ ಇಲ್ವಾ ಅಕ್ಕಾ?"

ಎಲ್ಲರೂ ನನ್ನ ಕಡೆ ತಿರುಗಿದರು. ದೇವರ ಫೋಟೋ ಎದುರಿಗೇ ಇತ್ತು.

"ಸದ್ಯಕ್ಕೆ ಇಲ್ಲ" ಎಂದೆ.

ಗಂಡಸರ ಸಾಲಿನಿಂದ ನಮ್ಮವರ ಕೆಮ್ಮು ಕೇಳಿಸಿತು.